ಗಚಾಚಾ: ಹುಲ್ಲುಹಾಸಿನ ನ್ಯಾಯಸಭೆ

ನುಡಿ ಒಂದಾದರೆ ಜನರೂ ಒಂದಾಗುತ್ತಾರೆಂಬುದು ಭಾಷಾಧ್ಯಯನ ಮಾಡುವ ನಮ್ಮಲ್ಲಿ ಬೇರೂರಿದ ನಂಬಿಕೆ. ಆಫ್ರಿಕದ ರುವಾಂಡ ದೇಶದ ಅನುಭವ ಈ ನಂಬಿಕೆಯನ್ನು ಕದಡುತ್ತದೆ. ಅಲ್ಲಿನ ಹುಟು, ಟುಟ್ಸಿ ಸಮುದಾಯಗಳೆರಡರ ಮಾತೂ ಕಿನ್ಯಾರುವಾಂಡವೇ. ಟುಟ್ಸಿಗಳನ್ನು ಜಿರಲೆಗಳೆಂದು ಹೀಗಳೆದು ದ್ವೇಷ ಬಿತ್ತಿದ ರೇಡಿಯೋ ಬಳಸಿದ್ದೂ ಅದನ್ನೇ. 1994ರ ನರಮೇಧದಲ್ಲಿ ಸುಮಾರು ನೂರು ದಿನಗಳೊಳಗೆ ಲಕ್ಷಾಂತರ ಜನ ಹತರಾದರು. ಅವರಲ್ಲಿ ಬಹುಪಾಲು ಟುಟ್ಸಿಗಳು.

ತರುವಾಯ ಸೆರೆಮನೆ ಸೇರಿದ ಆಪಾದಿತರ ಸಂಖ್ಯೆ ಒಂದು ಲಕ್ಷವನ್ನು ಮೀರಿತು. ಅಳಿದುಳಿದ ನ್ಯಾಯಾಲಯಗಳು ಇಷ್ಟು ಜನರನ್ನು ವಿಚಾರಿಸುವುದು ಅಸಾಧ್ಯವಾಗಿತ್ತು. ಆಗ ಸರ್ಕಾರವು ಊರಜಗಳಗಳನ್ನು ತೀರಿಸುತ್ತಿದ್ದ 'ಗಚಾಚಾ' ಎಂಬ ಹಳೆಯ ಸಭೆಗೆ ಕಾನೂನಿನ ರೂಪ ನೀಡಿತು. ನಮ್ಮ ಅರಳಿಕಟ್ಟೆಯ ಪಂಚಾಯತಿಯನ್ನು ನೆನಪಿಸುವ ಈ ಸಭೆಗೆ ಹುಲ್ಲಿನಿಂದ ಹೆಸರು ಬಂದಿದೆ. ಹುಲ್ಲಿನ ಮೇಲೆ ಕುಳಿತು ನ್ಯಾಯ ತೀರ್ಮಾನಿಸುವುದು ಅಲ್ಲಿನ ರೂಢಿ. 2002ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ವ್ಯವಸ್ಥೆ 2012ರಲ್ಲಿ ಮುಕ್ತಾಯಗೊಂಡಿತು. ಊರವರು ಆರಿಸಿದ ಸಾಮಾನ್ಯರೇ ನ್ಯಾಯಾಧೀಶರು. ತಪ್ಪೊಪ್ಪಿಕೊಂಡವರಿಗೆ ಶಿಕ್ಷೆಯಲ್ಲಿ ರಿಯಾಯಿತಿಯಿತ್ತು. ತಮ್ಮವರ ಶವಗಳನ್ನು ಎಲ್ಲಿ ಹೂಳಲಾಗಿದೆಯೆಂಬುದು ಅನೇಕ ಕುಟುಂಬಗಳಿಗೆ ತಿಳಿದುಬಂದದ್ದು ಇಲ್ಲಿಯೇ.

ಈ ವ್ಯವಸ್ಥೆ ನಿರ್ದೋಷವೇನಲ್ಲ. ಆಪಾದಿತರ ಪರವಾಗಿ ವಕೀಲರಿರಲಿಲ್ಲ. ಕೆಲವೆಡೆ ಸಾಕ್ಷಿಗಳು ಬೆದರಿಕೆಗೊಳಗಾದರು. ಗೆದ್ದ ಪಕ್ಷದ ಸೈನಿಕರು ಎಸಗಿದ ಹತ್ಯೆಗಳು ವಿಚಾರಣೆಯ ಹೊರಗೇ ಉಳಿದವು. ಆದರೂ ಕೊಂದವರೂ ಬದುಕುಳಿದವರೂ ಅದೇ ಊರಿನಲ್ಲಿ ನೆರೆಹೊರೆಯವರಾಗಿ ಬಾಳಬೇಕಾಗಿದ್ದ ನಾಡಿನಲ್ಲಿ ಎದುರುಬದುರಾಗಿ ಕುಳಿತು ಆಡುವ ಮಾತಿಗೆ ಬೇರೆ ದಾರಿಯಿರಲಿಲ್ಲ. ಹಗೆಯನ್ನು ಹರಡಿದ ನುಡಿಯೇ ಅಲ್ಲಿ ಸಾಕ್ಷ್ಯದ ನುಡಿಯೂ ಆಯಿತು. ಭಾಷೆ ತಾನಾಗಿಯೇ ಜನರನ್ನು ಕೂಡಿಸದು; ಅದರಲ್ಲಿ ಸತ್ಯವನ್ನು ನುಡಿಯುವ, ಕೇಳುವ ಸಭೆಗಳನ್ನು ಜನರೇ ಕಟ್ಟಿಕೊಳ್ಳಬೇಕು.