ಅಣಬೆ ಪುಡಿ ಸಾಕಾ, ಕೀಮೋ ಬೇಡವಾ?

ಕಳೆದ ಮಳೆಗಾಲದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಂದು ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟಳು. "ಸರ್, ಈ ಅಣಬೆ ಪುಡಿಯಿಂದ ಕ್ಯಾನ್ಸರ್ ಗುಣ ಆಗ್ತದಂತೆ, ಹೌದಾ? ಅಜ್ಜಿಗೆ ಮುಂದಿನ ವಾರ ಕೀಮೋಗೆ ಮಂಗಳೂರಿಗೆ ಹೋಗ್ಲಿಕ್ಕುಂಟು. ಅದು ಬೇಡ, ಇದೇ ಸಾಕು ಅಂತ ಮಾವ ಹೇಳ್ತಾರೆ."

ಸುಳ್ಳು ಅಂತ ಹೇಳಿ ಕಳಿಸಬಹುದಿತ್ತು. ಆದರೆ ಅದು ಪೂರ್ತಿ ಸುಳ್ಳಲ್ಲ, ಅದೇ ಕಷ್ಟ.

ಸತ್ತ ಮರದ ದಿಮ್ಮಿಗಳ ಮೇಲೆ ಪಟ್ಟೆಪಟ್ಟೆಯ ಬೀಸಣಿಗೆಯಂತೆ ಬೆಳೆಯುವ ಒಂದು ಅಣಬೆ ಇದೆ, ಟ್ರಾಮೆಟಿಸ್ ವರ್ಸಿಕಲರ್. ಅದರಿಂದ ಬೇರ್ಪಡಿಸಿದ ಪಿಎಸ್‌ಕೆ ಎಂಬ ವಸ್ತುವನ್ನು ಜಪಾನಿನಲ್ಲಿ 1970ರ ದಶಕದಿಂದಲೇ ವೈದ್ಯರು ಕೊಡುತ್ತಿದ್ದರು. ಶಿಟಾಕೆ ಅಣಬೆಯ ಲೆಂಟಿನಾನ್‌ಗೆ ಅಲ್ಲಿ 1985ರಲ್ಲಿ ಒಪ್ಪಿಗೆ ಸಿಕ್ಕಿತು. ಎರಡರಲ್ಲೂ ಇರುವುದು ಬೀಟಾ ಗ್ಲೂಕನ್. ಪಿಷ್ಟದ ಹಾಗೆ ಇದೂ ಗ್ಲೂಕೋಸಿನ ಸರಪಳಿಯೇ, ಕೊಂಡಿ ಹಾಕಿದ ರೀತಿ ಮಾತ್ರ ಬೇರೆ. ಇದು ಶಿಲೀಂಧ್ರಗಳ ಕೋಶಭಿತ್ತಿಯಲ್ಲಿದೆ, ನಮ್ಮ ಜೀವಕೋಶಗಳಲ್ಲಿಲ್ಲ. ಹಾಗಾಗಿ ಬಿಳಿ ರಕ್ತಕಣಗಳು "ಇದು ಯಾರೋ ಹೊರಗಿನವರು" ಎಂದು ಗುರುತಿಸಿ ಚುರುಕಾಗುತ್ತವೆ.

ಇನ್ನು ಸಾಕ್ಷ್ಯ. 1994ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಜಪಾನಿನ ಒಂದು ಅಧ್ಯಯನ ಬಂತು. ಜಠರದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಆಗಿದ್ದ 262 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ಬರೀ ಕೀಮೋ, ಇನ್ನೊಂದಕ್ಕೆ ಕೀಮೋ ಜೊತೆ ಪಿಎಸ್‌ಕೆ. ಐದು ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ. 60, ಎರಡನೆಯದರಲ್ಲಿ ಶೇ. 73. ಸಣ್ಣ ವ್ಯತ್ಯಾಸವಲ್ಲ.

ಈಗ ಹೇಳಿ, ಬರೀ ಅಣಬೆ ತಿಂದವರ ಗುಂಪು ಎಲ್ಲಿದೆ? ಇಲ್ಲವೇ ಇಲ್ಲ! ಮಾವನ ಮಾತಿಗೆ ಈ ಪ್ರಯೋಗ ಸಾಕ್ಷಿ ಹೇಳುವುದಿಲ್ಲ. ರೇಶಿ ಅಣಬೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿದ ಕಾಕ್ರೇನ್ ವಿಮರ್ಶೆಯೂ ಅದನ್ನು ಕ್ಯಾನ್ಸರಿನ ಮುಖ್ಯ ಚಿಕಿತ್ಸೆಯಾಗಿ ಬಳಸಲು ಸಾಕಷ್ಟು ಆಧಾರವಿಲ್ಲ ಎಂದೇ ಹೇಳಿತು.

ಡಬ್ಬಿಯ ಮೇಲೆ "ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿದೆ" ಎಂದಿತ್ತು. ಇರಬಹುದು. ಗಾಜಿನ ತಟ್ಟೆಯಲ್ಲಿರುವ ಕೋಶದ ಮೇಲೆ ಗಾಢ ಉಪ್ಪುನೀರು ಸುರಿದರೂ ಅದು ಸಾಯುತ್ತದೆ, ಅಭಿಸರಣದ ಪಾಠ ನೆನಪುಂಟಲ್ಲ? ತಟ್ಟೆ ಬೇರೆ, ಅಜ್ಜಿಯ ದೇಹ ಬೇರೆ. ಶುದ್ಧ ಮಾಡಿ, ಅಳತೆ ಮಾಡಿ ಕೊಟ್ಟ ಪಿಎಸ್‌ಕೆಯೂ ಈ ಪುಡಿಯೂ ಒಂದೇ ಅಲ್ಲ. ಇದರಲ್ಲಿ ಯಾವುದು ಎಷ್ಟಿದೆ ಎಂದು ಡಬ್ಬಿಯಲ್ಲಿ ಬರೆದೂ ಇರಲಿಲ್ಲ.

ಡಬ್ಬಿಯನ್ನು ಬಚ್ಚಿಡಬೇಡ, ಡಾಕ್ಟರಿಗೆ ತೋರಿಸು ಅಂತ ಹುಡುಗಿಗೆ ಹೇಳಿದೆ. ಅಜ್ಜಿ ಮುಂದಿನ ವಾರ ಮಂಗಳೂರಿಗೆ ಹೋದರು. ಕೀಮೋ ಮುಗಿಯುವವರೆಗೆ ಪುಡಿ ಬೇಡ ಎಂದರಂತೆ ಡಾಕ್ಟರು. ಮಾವನಿಗೆ ಸ್ವಲ್ಪ ಬೇಜಾರಾಯಿತಂತೆ, ಆದರೆ ಬಸ್ಸಿನಲ್ಲಿ ಅಜ್ಜಿಯ ಜೊತೆ ಹೋದದ್ದು ಅವರೇ.