ಮಗಳ ‘ಪೈ’, ಅಮ್ಮನ ಪಾಠ

‘ಅಮ್ಮಾ, ರಾಸ್ಪ್‌ಬೆರಿ ಪೈ ಬೇಕು’ ಅಂತ ಮಗಳು ಕೇಳಿದಾಗ ಯಾವುದೋ ಬೇಕರಿ ತಿಂಡಿ ಅಂದ್ಕೊಂಡಿದ್ದೆ! ಅದು ಎಟಿಎಂ ಕಾರ್ಡಿನಷ್ಟಗಲದ ಕಂಪ್ಯೂಟರ್. ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲೆಂದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ರೂಪುಗೊಂಡು, 2012ರಲ್ಲಿ ಮಾರುಕಟ್ಟೆಗೆ ಬಂತು. ಮನೆಯ ಟಿವಿಯೇ ಅದಕ್ಕೆ ಪರದೆ. ಕೀಬೋರ್ಡ್, ಮೌಸ್, ಅಡಾಪ್ಟರ್, ಸಾಫ್ಟ್‌ವೇರ್ ತುಂಬಿದ ಮೆಮೊರಿ ಕಾರ್ಡ್ ಇದ್ದರಾಯ್ತು.

ಮೊದಲ ಪಾಠ, ಪುಟ್ಟ ಎಲ್‌ಇಡಿ ದೀಪ ಮಿನುಗಿಸೋದು. ಬೋರ್ಡಿನ 40 ಪಿನ್‌ಗಳಲ್ಲಿ 11ನೆಯದರಿಂದ ತಂತಿ ಎಳೆದು 330 ಓಮ್ ರೆಸಿಸ್ಟರ್ ಮೂಲಕ ದೀಪದ ಉದ್ದ ಕಾಲಿಗೆ ಜೋಡಿಸಿ. ಗಿಡ್ಡ ಕಾಲಿನಿಂದ 6ನೇ ಪಿನ್‌ಗೆ ಇನ್ನೊಂದು ತಂತಿ. ‘ಇಷ್ಟು ದೀಪಕ್ಕೆ ರೆಸಿಸ್ಟರ್ ಯಾಕೆ’ ಅಂತ ಬಿಟ್ಟೀರಿ, ಜೋಕೆ! ಗ್ಯಾಸ್ ಸಿಮ್‌ನಲ್ಲಿಟ್ಟ ಹಾಗೆ ಅದು ಕರೆಂಟನ್ನು ಹದದಲ್ಲಿಡುತ್ತೆ. ಇಲ್ಲದಿದ್ದರೆ ದೀಪದ ಜೊತೆ ಪಿನ್ನೂ ಕೆಡಬಹುದು. 11ನೇ ಪಿನ್ ತಡೆಯೋದು 3.3 ವೋಲ್ಟ್ ಮಾತ್ರ. ಅದೇ ಸಾಲುಗಳಲ್ಲಿ 5 ವೋಲ್ಟಿನ ಪಿನ್‌ಗಳೂ ಇವೆ, ತಪ್ಪಿ ಎರಡನ್ನೂ ಕೂಡಿಸಿದರೆ ಬೋರ್ಡೇ ಹೋದೀತು. ಆದ್ದರಿಂದ ತಂತಿ ಮುಟ್ಟುವಾಗ ಪವರ್ ಆಫ್ ಇರಲಿ. ಗೋಡೆಯ 230 ವೋಲ್ಟಿನ ಸಹವಾಸವಂತೂ ಖಂಡಿತ ಬೇಡ.

ಇನ್ನು ಕೋಡ್. ಪೈಥಾನ್ ಭಾಷೆಯಲ್ಲಿ ಐದೇ ಸಾಲು. ಆದರೆ ಬೋರ್ಡಿನ 11ನೇ ಪಿನ್‌ಗೆ ಕೋಡಿನಲ್ಲಿ 17 ಅಂತ ಹೆಸರು! ತವರಲ್ಲೊಂದು ಹೆಸರು, ಅತ್ತೆಮನೆಯಲ್ಲೊಂದು ಹೆಸರು ಇದ್ದ ಹಾಗೆ. ಅಲ್ಲೇ ನಮಗೆ ಅರ್ಧ ಗಂಟೆ ಹೋಯ್ತು. ಸರಿಪಡಿಸಿದರೂ ದೀಪ ಹತ್ತಲಿಲ್ಲ. ‘ನಿನಗೆ ಗೊತ್ತಾಗಲ್ಲ ಬಿಡಮ್ಮಾ’ ಅಂದವಳ ಕಣ್ಣಲ್ಲಿ ನೀರು. ಪವರ್ ತೆಗೆದು ನೋಡಿದೆ, ದೀಪದ ಕಾಲುಗಳು ಅದಲುಬದಲಾಗಿದ್ದವು. ತಿರುಗಿಸಿ ಸಿಕ್ಕಿಸಿದೆ. ಮಿಣಕ್ ಮಿಣಕ್! ಈಗ ‘ಅಮ್ಮಾ, ಇಲ್ನೋಡು’ ಅಂತ ನನ್ನನ್ನೇ ಕರೀತಾಳೆ.