ಸರ್ವರ್ ಗುತ್ತಿಗೆಗೆ ಕೊಡಬಹುದು, ಹೊಣೆಯನ್ನಲ್ಲ

2024ರ ಜುಲೈ ಕೊನೆಯಲ್ಲಿ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಕೈಕೊಟ್ಟಿತು. ಹೆಚ್ಚಿನವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ರ‍್ಯಾನ್ಸಮ್‌ವೇರ್ ದಾಳಿ ಆಗಿದ್ದು ಈ ಬ್ಯಾಂಕುಗಳ ಮೇಲಲ್ಲ, ಇವಕ್ಕೆಲ್ಲ ತಂತ್ರಜ್ಞಾನ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ. ಸೋಂಕು ಹರಡದಿರಲಿ ಅಂತ ಎನ್‌ಪಿಸಿಐ ಆ ಕಂಪನಿಯ ಸಂಪರ್ಕವನ್ನೇ ಕಡಿದು ಹಾಕಿತು. ಒಂದು ಕಡೆ ಬೆಂಕಿ, 300 ಕಡೆ ಹೊಗೆ.

ಹಾಗಾದರೆ ಐಟಿ ಕೆಲಸವನ್ನು ಹೊರಗಿನವರಿಗೆ ಕೊಡುವುದೇ ತಪ್ಪಾ? ಅಲ್ಲ. ಪೀಣ್ಯದಲ್ಲಿ 40 ಕಂಪ್ಯೂಟರ್ ಇರುವ ಕಾರ್ಖಾನೆ ಅಂದುಕೊಳ್ಳಿ. 24 ಗಂಟೆ ನಿಗಾ ಇಡಬೇಕಂದ್ರೆ ಮೂರು ಪಾಳಿ, ರಜೆ, ವಾರದ ಬಿಡುವು ಸೇರಿ ಕನಿಷ್ಠ ನಾಲ್ಕೈದು ಜನ ಬೇಕು. ಅಷ್ಟು ಸಂಬಳ ಕೊಡೋಕೆ ಆಗಲ್ಲ. ಅದಕ್ಕೇ ಮ್ಯಾನೇಜ್ಡ್ ಸರ್ವೀಸ್ ಪ್ರೊವೈಡರ್, ಅಂದರೆ ಎಂಎಸ್‌ಪಿ (ಬೆಂಬಲ ಬೆಲೆಯ ಎಂಎಸ್‌ಪಿ ಅಲ್ಲ!). ತಿಂಗಳ ಶುಲ್ಕಕ್ಕೆ ಅಪ್‌ಡೇಟ್, ಬ್ಯಾಕಪ್, ಫೈರ್‌ವಾಲ್, ನಿಗಾ ಎಲ್ಲ ಅವರೇ ನೋಡಿಕೊಳ್ಳುತ್ತಾರೆ.

ಅಪಾಯ ಇರುವುದು ಆ ವ್ಯವಸ್ಥೆಯೊಳಗೇ. ಎಂಎಸ್‌ಪಿ ತನ್ನ ಆಫೀಸಿನಲ್ಲಿ ಕೂತು ಹತ್ತಾರು ಗ್ರಾಹಕರ ಕಂಪ್ಯೂಟರುಗಳನ್ನು ಒಂದೇ ಸಾಫ್ಟ್‌ವೇರ್‌ನಿಂದ ನಿಭಾಯಿಸುತ್ತದೆ. ಅದಕ್ಕೆ ಎಲ್ಲ ಕಡೆ ಅಡ್ಮಿನ್ ಅಧಿಕಾರ ಇರುತ್ತದೆ. 2021ರ ಜುಲೈನಲ್ಲಿ ಆರ್‌ಇವಿಲ್ ಗುಂಪು ಕಸೇಯಾ ಕಂಪನಿಯ ಇಂಥ ಸಾಫ್ಟ್‌ವೇರ್‌ನ ಲೋಪ ಬಳಸಿಕೊಂಡು, ಎಂಎಸ್‌ಪಿಗಳ ಮೂಲಕ ನೂರಾರು ಕಂಪನಿಗಳ ಫೈಲುಗಳಿಗೆ ಬೀಗ ಹಾಕಿತು. ಸ್ವೀಡನ್ನಿನ ಕೂಪ್ ಸೂಪರ್‌ಮಾರ್ಕೆಟ್ ಸುಮಾರು 800 ಅಂಗಡಿಗಳ ಬಾಗಿಲು ಹಾಕಬೇಕಾಯಿತು, ಬಿಲ್ಲಿಂಗ್ ಕೌಂಟರೇ ನಿಂತಿದ್ದರಿಂದ.

ಕಾನೂನು ಮಾತ್ರ ನಿಮ್ಮನ್ನೇ ಕೇಳುತ್ತದೆ. ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಕಂಪನಿಗಳು ಸಿಇಆರ್‌ಟಿ-ಇನ್‌ಗೆ ತಿಳಿಸಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. ಇದು 2022ರ ಆದೇಶ. 2023ರ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ, ಗ್ರಾಹಕರ ಮಾಹಿತಿಯನ್ನು ನಿಮ್ಮ ಪರವಾಗಿ ಬೇರೆಯವರು ನಿಭಾಯಿಸಿದರೂ ಜವಾಬ್ದಾರಿ ನಿಮ್ಮದೇ. ಸರಿಯಾದ ಭದ್ರತೆ ಇಲ್ಲದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. "ಅದು ವೆಂಡರ್ ನೋಡ್ಕೋತಾರೆ" ಅನ್ನೋದು ಉತ್ತರ ಆಗಲ್ಲ.

ಸಹಿ ಹಾಕುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಅವರ ಸಿಬ್ಬಂದಿ ನಮ್ಮ ಸಿಸ್ಟಮ್‌ಗೆ ಬರುವಾಗ ಪಾಸ್‌ವರ್ಡ್ ಜೊತೆ ಎರಡನೇ ದೃಢೀಕರಣ ಇದೆಯಾ? ಅವರ ಅಡ್ಮಿನ್ ಖಾತೆಯಿಂದಲೂ ಅಳಿಸಲಾಗದ ಒಂದು ಬ್ಯಾಕಪ್ ಇದೆಯಾ, ಅದನ್ನು ಕೊನೆಯ ಸಲ ಮರಳಿ ತೆರೆದು ನೋಡಿದ್ದು ಯಾವಾಗ? ರಾತ್ರಿ ಎರಡಕ್ಕೆ ದಾಳಿಯಾದರೆ ಯಾರು ಯಾರಿಗೆ ಫೋನ್ ಮಾಡಬೇಕು? ನಾಳೆ ಒಪ್ಪಂದ ಮುರಿದರೆ ಡೊಮೈನ್, ಪಾಸ್‌ವರ್ಡ್, ಲೈಸೆನ್ಸ್ ಯಾರ ಹೆಸರಲ್ಲಿ ಇರುತ್ತವೆ?

ಕೊನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ವೆಂಡರ್ ಜೊತೆ ಜಗಳ ಆದ ದಿನ ಗೊತ್ತಾಗುತ್ತದೆ, ಕಂಪನಿಯ ಇಮೇಲ್ ಕೂಡ ತಮ್ಮದಲ್ಲ ಅಂತ. ಮನೆಗೆ ಕಾವಲುಗಾರನನ್ನು ಇಡಿ. ಆದರೆ ಒಂದು ಬೀಗದಕೈ ನಿಮ್ಮ ಹತ್ತಿರವೂ ಇರಲಿ.